ರಾಕ್ಷಸನ ಹಲ್ಲು ಕೀಳಬೇಡಿ

ಪ್ರಶ್ನೆ: ಏಳೆಂಟು ವರ್ಷದ ಮಕ್ಕಳಿಗಾಗಿ ಒಂದು ಕಥೆ ಬರೆಯುತ್ತಿದ್ದೇನೆ. ಕೆರೆಯ ತಳದಲ್ಲಿ ಒಬ್ಬ ರಾಕ್ಷಸ ಇದ್ದಾನೆ. ತುಂಬಾ ಒಳ್ಳೆಯವನು. ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುತ್ತಾನೆ. ಕೊನೆಗೆ ನೆರೆ ಬಂದಾಗ ಊರನ್ನೇ ಉಳಿಸುತ್ತಾನೆ, ಊರಿನವರು ಅವನನ್ನು ಒಪ್ಪಿಕೊಳ್ಳುತ್ತಾರೆ. ಓದಿದ ಮಕ್ಕಳು "ಚೆನ್ನಾಗಿದೆ" ಅಂದು ಎದ್ದು ಹೋದರು. ನನಗೂ ಏನೋ ಸಪ್ಪೆ ಅನ್ನಿಸುತ್ತಿದೆ. ಮೊದಲು ಬರೆದಾಗ ಅವನು ದೋಣಿಯನ್ನು ಹಿಡಿದುಕೊಂಡರೆ ಅದರ ಅಂಚು ಮುರಿದುಹೋಗುವ ಒಂದು ಸಾಲಿತ್ತು. ಮಕ್ಕಳು ರಾತ್ರಿ ಹೆದರುತ್ತಾರೆ ಅಂತ ಮನೆಯವರು ಹೇಳಿದ್ದಕ್ಕೆ ತೆಗೆದುಹಾಕಿದೆ. ಎಲ್ಲಿ ಎಡವಿದ್ದೇನೆ?

ಉತ್ತರ: ನೀವು ತೆಗೆದುಹಾಕಿದ ಆ ಸಾಲು ನನಗೆ ತುಂಬಾ ಇಷ್ಟವಾಯಿತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಎರಡು ಮಾತುಗಳನ್ನು ಬೇರೆ ಬೇರೆ ಇಟ್ಟು ನೋಡೋಣ. ಸ್ನೇಹದ ರಾಕ್ಷಸ ಬೇರೆ, ನಿರುಪದ್ರವಿ ರಾಕ್ಷಸ ಬೇರೆ. ನಿರುಪದ್ರವಿಗೆ ಕೇಡು ಮಾಡುವ ಶಕ್ತಿಯೇ ಇರುವುದಿಲ್ಲ. ಸ್ನೇಹಿತನಿಗೆ ಶಕ್ತಿ ಇರುತ್ತದೆ, ಆದರೆ ಅವನು ಕೇಡು ಮಾಡುವುದಿಲ್ಲ. ನಿಮ್ಮ ಕೆರೆಯ ರಾಕ್ಷಸನನ್ನು ಸ್ನೇಹಿತ ಮಾಡಲು ಹೊರಟು ನಿರುಪದ್ರವಿ ಮಾಡಿಬಿಟ್ಟಿದ್ದೀರಿ. ಬೆನ್ನ ಮೇಲೆ ಕೂರಿಸಿಕೊಂಡು ಈಜುವ ಕೆಲಸ ದೊಡ್ಡ ಮೀನೂ ಮಾಡುತ್ತದೆ, ದೋಣಿಯೂ ಮಾಡುತ್ತದೆ. ಅವನು ರಾಕ್ಷಸನೇ ಯಾಕಾಗಿರಬೇಕು? ಈ ಪ್ರಶ್ನೆಗೆ ಕಥೆಯಲ್ಲಿ ಉತ್ತರ ಸಿಗದಿದ್ದರೆ ಮಕ್ಕಳು "ಚೆನ್ನಾಗಿದೆ" ಅಂದು ಎದ್ದು ಹೋಗುತ್ತಾರೆ.

ಒಂದು ಹಳೆಯ ಕಥೆಯಿಂದ ಶುರು ಮಾಡುತ್ತೇನೆ. ಬೇತಾಳ ನಿಮಗೆ ಗೊತ್ತಲ್ವಾ? ಸ್ಮಶಾನದ ಮರದಲ್ಲಿ ನೇತಾಡುವ ಹೆಣದೊಳಗೆ ಸೇರಿಕೊಂಡಿರುವ ಪಿಶಾಚಿ. ವಿಕ್ರಮ ಅದನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಾನೆ. ಅದು ಕಥೆ ಹೇಳುತ್ತದೆ, ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಒಡೆದು ಹೋಗುತ್ತದೆ ಅನ್ನುತ್ತದೆ. ಬಾಯಿ ಬಿಟ್ಟರೆ ಮತ್ತೆ ಮರಕ್ಕೆ ಹಾರುತ್ತದೆ. ಇದಕ್ಕಿಂತ ಹೆದರಿಕೆ ಹುಟ್ಟಿಸುವ ಜೊತೆಗಾರ ಯಾರಿದ್ದಾರೆ? ಆದರೆ ಕೊನೆಯ ಒಗಟಿಗೆ ರಾಜನಿಗೆ ಉತ್ತರ ಹೊಳೆಯದೆ ಅವನು ಸುಮ್ಮನಾದಾಗ ಬೇತಾಳ ಅವನ ಪಕ್ಷಕ್ಕೆ ಬರುತ್ತದೆ. ನಿನ್ನನ್ನು ಕಳಿಸಿದ ಭಿಕ್ಷು ನಿನ್ನನ್ನೇ ಬಲಿ ಕೊಡಲು ಕಾದಿದ್ದಾನೆ ಅಂತ ಎಚ್ಚರಿಸುತ್ತದೆ. ಅಡ್ಡಬೀಳು ಅಂತ ಅವನು ಹೇಳಿದರೆ, ಹೇಗೆ ಅಂತ ನೀನೇ ತೋರಿಸು ಅನ್ನು ಅಂತ ಉಪಾಯವನ್ನೂ ಹೇಳಿಕೊಡುತ್ತದೆ.

ನೋಡಿ, ಕಥೆಯ ಉದ್ದಕ್ಕೂ ಹೆದರಿಸಿದ್ದು ಬೇತಾಳ. ನಿಜವಾದ ಅಪಾಯ ಇದ್ದದ್ದು ಸಾಧುವಿನ ವೇಷದಲ್ಲಿ. ಬೇತಾಳದ ಸ್ನೇಹಕ್ಕೆ ಅಷ್ಟು ತೂಕ ಬಂದಿದ್ದು ಅದಕ್ಕೆ ತಲೆ ಒಡೆಯುವ ಶಕ್ತಿ ಇತ್ತು ಅನ್ನುವುದರಿಂದ. 11ನೇ ಶತಮಾನದಲ್ಲಿ ಸೋಮದೇವ ತನ್ನ ಕಥಾಸರಿತ್ಸಾಗರದಲ್ಲಿ ಸೇರಿಸಿಕೊಂಡ ಈ ಕಥೆಗಳು ಇವತ್ತಿಗೂ ಮಕ್ಕಳನ್ನು ಹಿಡಿದು ಕೂರಿಸುತ್ತವೆ. ಅದರಲ್ಲಿ ಈ ತೂಕದ ಪಾಲು ದೊಡ್ಡದು ಅಂತ ನಾನು ನಂಬಿದ್ದೇನೆ.

ಘಟೋತ್ಕಚನ ವಿಷಯವೂ ಹೀಗೇ. ವನವಾಸದಲ್ಲಿ ದ್ರೌಪದಿ ದಣಿದು ಕುಸಿದಾಗ ಭೀಮ ನೆನೆಸಿಕೊಳ್ಳುವುದು ಈ ಮಗನನ್ನು. ಅವನು ಬಂದು ಅವಳನ್ನು ಹೊತ್ತುಕೊಂಡು ಗಂಧಮಾದನ ಬೆಟ್ಟದ ಕಡೆ ಹೋಗುತ್ತಾನೆ. ಮುಂದೆ ಯುದ್ಧದಲ್ಲಿ ಕೌರವ ಸೇನೆಯನ್ನು ಚೆಲ್ಲಾಪಿಲ್ಲಿ ಮಾಡುವ ತೋಳುಗಳೇ ಇಲ್ಲಿ ದಣಿದ ಹೆಣ್ಣುಮಗಳನ್ನು ಜೋಪಾನವಾಗಿ ಎತ್ತಿಕೊಂಡಿವೆ. ಒಂದೇ ತೋಳು, ಎರಡು ಕೆಲಸ. ನಿಮ್ಮ ರಾಕ್ಷಸನಿಗೆ ಬೇಕಾಗಿರುವುದು ಅಂಥ ತೋಳು.

ಈಗ ನಿಮ್ಮ ಮನೆಯವರ ಚಿಂತೆಗೆ ಬರೋಣ. ಅದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ದೆವ್ವ, ಗುಮ್ಮ, ಕತ್ತಲು ಅಂದರೆ ಹೆದರಿಕೆ ಜಾಸ್ತಿ. ಏಳೆಂಟಕ್ಕೆ ಬರುವಾಗ ಅದು ನಿಧಾನವಾಗಿ ಇಳಿದು, ಪೆಟ್ಟಾಗುವುದು, ಕಳ್ಳರು ಬರುವುದು, ಅಪ್ಪ ಅಮ್ಮನಿಗೆ ಏನಾದರೂ ಆಗುವುದು ಇಂಥ ಭಯಗಳು ಮುಂದೆ ಬರುತ್ತವೆ. ನಿಮ್ಮ ಓದುಗರು ಆ ಹೊಸ್ತಿಲ ಮೇಲೆ ನಿಂತಿರುವವರು. ಅವರಿಗೆ ಹೆದರಿಕೆ ಬೇಕು, ಆದರೆ ಅದರ ಕಡಿವಾಣ ಅವರ ಕೈಯಲ್ಲಿರಬೇಕು. ಪುರಂದರದಾಸರ ಪದವೊಂದರಲ್ಲಿ ಪುಟ್ಟ ಕೃಷ್ಣ ಗುಮ್ಮನನ್ನು ಕರೆಯಬೇಡ ಅಂತ ಅಮ್ಮನನ್ನು ಬೇಡಿಕೊಳ್ಳುತ್ತಾನೆ. ಗುಮ್ಮ ಬರುವುದೇ ಇಲ್ಲ. ಅವನು ಹೇಗಿದ್ದಾನೆ ಅಂತಲೂ ಯಾರಿಗೂ ಗೊತ್ತಿಲ್ಲ. ಕಾಣದ ಗುಮ್ಮನಿಗೆ ಹೆದರಿದಷ್ಟು ಮಗು ಕಂಡ ರಾಕ್ಷಸನಿಗೆ ಹೆದರುವುದಿಲ್ಲ. ಹಾಗಾಗಿ ನಿಮ್ಮ ರಾಕ್ಷಸನನ್ನು ಬೇಗ ತೋರಿಸಿ, ಪೂರ್ತಿ ತೋರಿಸಿ.

ಹೆದರಿಕೆಯ ಅಳತೆ ಹೇಗಿರಬೇಕು ಅಂತ ಕಲಿಯಲು ನನಗೆ ಗೊತ್ತಿರುವ ಅತ್ಯುತ್ತಮ ಪಾಠ 1963ರಲ್ಲಿ ಅಮೆರಿಕದಲ್ಲಿ ಬಂದ ಒಂದು ಚಿತ್ರಪುಸ್ತಕ. ಮೌರಿಸ್ ಸೆಂಡಾಕ್ ಅವರ 'ವೇರ್ ದ ವೈಲ್ಡ್ ಥಿಂಗ್ಸ್ ಆರ್'. ತುಂಟತನ ಮಾಡಿದ ಮ್ಯಾಕ್ಸ್ ಅನ್ನುವ ಹುಡುಗನನ್ನು ಅಮ್ಮ ಊಟ ಕೊಡದೆ ಕೋಣೆಗೆ ಕಳಿಸುತ್ತಾಳೆ. ಕೋಣೆಯಲ್ಲಿ ಕಾಡು ಬೆಳೆಯುತ್ತದೆ. ಅವನು ದೋಣಿ ಹತ್ತಿ ಭಯಂಕರ ಜೀವಿಗಳ ನಾಡಿಗೆ ಹೋಗುತ್ತಾನೆ. ಅವು ಗರ್ಜಿಸುತ್ತವೆ, ಹಲ್ಲು ಕಡಿಯುತ್ತವೆ. ಮ್ಯಾಕ್ಸ್ ಅವುಗಳ ಹಳದಿ ಕಣ್ಣುಗಳನ್ನು ರೆಪ್ಪೆ ಮಿಟುಕಿಸದೆ ನೋಡಿ ಪಳಗಿಸುತ್ತಾನೆ. ಅವು ಅವನನ್ನು ರಾಜ ಮಾಡಿಕೊಳ್ಳುತ್ತವೆ.

ಆ ಪುಸ್ತಕದ ಚಿತ್ರಗಳನ್ನು ಗಮನಿಸಿ. ಮೊದಲ ಪುಟದಲ್ಲಿ ಚಿತ್ರ ಚಿಕ್ಕದು, ಸುತ್ತ ಬಿಳಿ ಜಾಗ. ಪುಟ ತಿರುಗಿಸಿದಂತೆ ಚಿತ್ರ ಹಿಗ್ಗುತ್ತದೆ. ಕುಣಿತ ಜೋರಾದಾಗ ಎರಡೂ ಪುಟಗಳ ತುಂಬ ಚಿತ್ರವೇ, ಒಂದು ಅಕ್ಷರವೂ ಇಲ್ಲ. ಆಮೇಲೆ ಚಿತ್ರ ಮತ್ತೆ ಕುಗ್ಗುತ್ತದೆ. ಕೊನೆಯ ಪುಟದಲ್ಲಿ ಚಿತ್ರವೇ ಇಲ್ಲ. ಊಟ ಇನ್ನೂ ಬಿಸಿಯಾಗಿತ್ತು ಅನ್ನುವ ಸಾಲು ಮಾತ್ರ. ಹೆದರಿಕೆ ಉಸಿರಿನ ಹಾಗೆ ಏರಿ ಇಳಿಯುತ್ತದೆ. ಮನೆಗೆ ವಾಪಸು ಬರುವ ದಾರಿ ಮೊದಲಿಂದಲೂ ತೆರೆದೇ ಇದೆ. ಆ ಪುಸ್ತಕ ಬಂದಾಗಲೂ ಮಕ್ಕಳು ಹೆದರುತ್ತಾರೆ ಅಂತ ದೊಡ್ಡವರು ತಕರಾರು ತೆಗೆದಿದ್ದರು. 1964ರಲ್ಲಿ ಅದಕ್ಕೆ ಮಕ್ಕಳ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಪದಕ ಬಂತು. ಆಮೇಲೆ ಎಷ್ಟೋ ತಲೆಮಾರಿನ ಮಕ್ಕಳು ಅದನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದ್ದಾರೆ.

ಸೆಂಡಾಕ್ ಮೊದಲು ಆ ಪುಸ್ತಕದಲ್ಲಿ ಕುದುರೆಗಳನ್ನು ಹಾಕಬೇಕು ಅಂತಿದ್ದರು. ಕುದುರೆ ಬರೆಯಲು ತಮಗೆ ಬರುವುದಿಲ್ಲ ಅಂತ ಗೊತ್ತಾಗಿ ಬೇರೆ ಜೀವಿಗಳನ್ನು ಹುಡುಕಿದರು. ಸಿಕ್ಕಿದ್ದು ಅವರ ಬಾಲ್ಯದ ನೆಂಟರು! ಭಾನುವಾರ ಮನೆಗೆ ಬಂದು, ಕೆನ್ನೆ ಹಿಂಡಿ, ನಿನ್ನನ್ನು ತಿಂದೇಬಿಡುತ್ತೇನೆ ಅನ್ನುತ್ತಿದ್ದ ದೊಡ್ಡವರು. ಮ್ಯಾಕ್ಸ್ ಹೊರಟು ನಿಂತಾಗ ಆ ಜೀವಿಗಳೂ ಅದನ್ನೇ ಹೇಳುತ್ತವೆ. ಹೋಗಬೇಡ, ನಿನ್ನನ್ನು ತಿಂದುಬಿಡುತ್ತೇವೆ, ನಿನ್ನ ಮೇಲೆ ಅಷ್ಟು ಪ್ರೀತಿ ಅಂತ. ಮುದ್ದು ಮಾಡುವ ಬಾಯಿ, ಕಚ್ಚುವ ಬಾಯಿ ಎರಡೂ ಒಂದೇ. ಮಗುವಿಗೆ ಇದು ಹೊಸ ವಿಷಯವೇ ಅಲ್ಲ. ಅದರ ಸುತ್ತ ಇರುವ ದೊಡ್ಡವರೆಲ್ಲ ಅದಕ್ಕಿಂತ ಎಷ್ಟೋ ಪಟ್ಟು ತೂಕದವರು. ಎತ್ತಿ ಆಡಿಸುವವರೂ ಅವರೇ, ಗದರಿಸುವವರೂ ಅವರೇ. ಸ್ನೇಹದ ರಾಕ್ಷಸ ಮಕ್ಕಳಿಗೆ ಇಷ್ಟೊಂದು ಹತ್ತಿರ ಆಗುವುದು ಇದಕ್ಕೇ.

ರೂಪದ ಬಗ್ಗೆ ಸ್ವಲ್ಪ ಹೇಳಬೇಕು. 1943ರಲ್ಲಿ ಕಾನ್ರಾಡ್ ಲೊರೆಂಜ್ ಅನ್ನುವ ಪ್ರಾಣಿ ವರ್ತನೆಯ ವಿಜ್ಞಾನಿ ಒಂದು ವಿಚಾರ ಮುಂದಿಟ್ಟರು. ದೊಡ್ಡ ತಲೆ, ಮುಖದ ಕೆಳಭಾಗದಲ್ಲಿ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ, ಗಿಡ್ಡ ಕೈಕಾಲು ಕಂಡರೆ ನಮಗೆ ಎತ್ತಿಕೊಳ್ಳಬೇಕು ಅನ್ನಿಸುತ್ತದೆ, ಅವು ಹಸುಗೂಸಿನ ಗುರುತುಗಳು ಅಂತ. ಚಿತ್ರ ಬರೆಯುವವರು ಇದನ್ನು ಚೆನ್ನಾಗಿ ಬಳಸುತ್ತಾರೆ. ಆದರೆ ಇದೊಂದನ್ನೇ ನೆಚ್ಚಿಕೊಂಡರೆ ರಾಕ್ಷಸ ಬೊಂಬೆಯಾಗುತ್ತಾನೆ. ಸೆಂಡಾಕ್ ಅವರ ಜೀವಿಗಳಿಗೆ ದುಂಡು ಹೊಟ್ಟೆಯೂ ಇದೆ, ಕೊಂಬೂ ಉಗುರೂ ಇವೆ. ನಿಮ್ಮ ರಾಕ್ಷಸನ ಮೈಯಲ್ಲೂ ಮುದ್ದಿಗೆ ಬಗ್ಗದ ಒಂದಾದರೂ ಅಂಗ ಉಳಿಯಲಿ.

ಜಪಾನಿನ ನಿರ್ದೇಶಕ ಮಿಯಾಜಾಕಿ ಅವರ 'ಮೈ ನೇಬರ್ ಟೊಟೊರೊ' ಸಿನಿಮಾ ನೋಡಿದ್ದೀರಾ? 1988ರದ್ದು. ನೋಡಿದ್ದರೂ ನಿಮ್ಮ ಕಥೆಯನ್ನು ಮನಸ್ಸಲ್ಲಿಟ್ಟುಕೊಂಡು ಇನ್ನೊಮ್ಮೆ ನೋಡಿ. ಮೇ ಅನ್ನುವ ಪುಟ್ಟ ಹುಡುಗಿ ಕಾಡಿನ ದೊಡ್ಡ ಜೀವಿ ಟೊಟೊರೊನ ಹೊಟ್ಟೆಯ ಮೇಲೆ ಬಿದ್ದು ಅವನ ಮೂಗು ಕೆರೆಯುತ್ತಾಳೆ. ಅವನು ಬಾಯಿ ತೆರೆದಾಗ ಇಡೀ ಮಗು ಒಳಗೆ ಹೋಗುವಷ್ಟು ಜಾಗ, ಸಾಲು ಹಲ್ಲು. ಆ ಹಲ್ಲನ್ನು ಮರೆಮಾಡುವ ಪ್ರಯತ್ನವನ್ನೇ ಸಿನಿಮಾ ಮಾಡುವುದಿಲ್ಲ. ಮುಂದೆ ಮಳೆಯಲ್ಲಿ ಬಸ್ಸಿಗೆ ಕಾಯುವಾಗ ಅವನು ಅಕ್ಕ ಸತ್ಸುಕಿಯ ಪಕ್ಕ ಬಂದು ನಿಲ್ಲುತ್ತಾನೆ. ಅವಳು ಛತ್ರಿ ಕೊಡುತ್ತಾಳೆ. ಛತ್ರಿಯ ಮೇಲೆ ಹನಿ ಟಪ್ ಅಂದ ಸದ್ದಿಗೆ ಅವನಿಗೆ ಎಷ್ಟು ಖುಷಿಯಾಗುತ್ತದೆ ಅಂದರೆ, ಒಮ್ಮೆ ಜೋರಾಗಿ ನೆಗೆದು ಮರಗಳ ಮೇಲಿನ ನೀರನ್ನೆಲ್ಲ ಒಟ್ಟಿಗೆ ಬೀಳಿಸುತ್ತಾನೆ. ಎಲೆಯಲ್ಲಿ ಕಟ್ಟಿದ ಒಂದು ಪೊಟ್ಟಣ ಕೊಟ್ಟು ಹೊರಟುಹೋಗುತ್ತಾನೆ. ಛತ್ರಿ ವಾಪಸು ಕೊಡುವುದಿಲ್ಲ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವನಿಗೆ ಅವನದೇ ಬದುಕಿದೆ ಅನ್ನುವುದು. ಮಕ್ಕಳಿಗೆ ಸಹಾಯ ಮಾಡಲೆಂದೇ ಅವನು ಹುಟ್ಟಿಲ್ಲ. ನಿದ್ದೆ ಮಾಡುತ್ತಾನೆ, ಎಲ್ಲಿಗೋ ಹೋಗುತ್ತಾನೆ, ಮಾತಾಡುವುದಿಲ್ಲ. ಅವನ ದಾರಿ, ಮಕ್ಕಳ ದಾರಿ ಎಲ್ಲೋ ಕೂಡುತ್ತವೆ, ಅಷ್ಟೇ. ನಿಮ್ಮ ರಾಕ್ಷಸ ಯಾರೂ ನೋಡದಾಗ ಕೆರೆಯ ತಳದಲ್ಲಿ ಏನು ಮಾಡುತ್ತಾನೆ? ಏನು ತಿನ್ನುತ್ತಾನೆ? ಯಾವುದು ಅವನಿಗೆ ಬೇಜಾರು? ನಿಮ್ಮ ಕಥೆಯಲ್ಲಿ ಇದಕ್ಕೆಲ್ಲ ಉತ್ತರ ಕಾಣಲಿಲ್ಲ.

ತಿನ್ನುವ ಮಾತು ಬಂತಲ್ಲ, ರೊಆಲ್ಡ್ ಡಾಲ್ 1982ರಲ್ಲಿ ಬರೆದ 'ದ ಬಿಎಫ್‌ಜಿ' (ಬಿಗ್ ಫ್ರೆಂಡ್ಲಿ ಜೈಂಟ್, ಅಂದರೆ ಸ್ನೇಹದ ದೊಡ್ಡ ದೈತ್ಯ) ಕಥೆಯ ದೈತ್ಯ 24 ಅಡಿ ಎತ್ತರದವನು. ಉಳಿದ ದೈತ್ಯರು ಅವನಿಗಿಂತ ಎರಡು ಪಟ್ಟು ದೊಡ್ಡವರು, ಮನುಷ್ಯರನ್ನು ತಿನ್ನುವವರು. ಇವನು ತಿನ್ನುವುದಿಲ್ಲ. ಹಾಗಂತ ಅವನಿಗೆ ಬೇರೆ ರುಚಿಯಾದ ಊಟವೇನೂ ಸಿಗುವುದಿಲ್ಲ. ಗಬ್ಬು ವಾಸನೆಯ, ಸೌತೆಕಾಯಿಯಂಥ ಒಂದು ಕಾಯಿಯನ್ನು ದಿನಾ ಕಷ್ಟಪಟ್ಟು ನುಂಗುತ್ತಾನೆ. ಒಳ್ಳೆಯತನಕ್ಕೆ ಅವನು ನಾಲಗೆಯಿಂದ ಬೆಲೆ ತೆರುತ್ತಿದ್ದಾನೆ. ತನ್ನವರಿಂದ ಕಿರುಕುಳ ಬೇರೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಇಷ್ಟವಿಲ್ಲದ ತರಕಾರಿ ತಿನ್ನುವ ಕಷ್ಟ ಅವರಿಗೆ ಗೊತ್ತು.

ನಿಮ್ಮ ಕೊನೆಯ ಅಧ್ಯಾಯದ ಬಗ್ಗೆ ಸ್ವಲ್ಪ ಕಟುವಾಗಿ ಹೇಳಲೇಬೇಕು. ನೆರೆ ಬರುತ್ತದೆ, ರಾಕ್ಷಸ ಊರನ್ನು ಉಳಿಸುತ್ತಾನೆ, ಆಗ ಊರು ಒಪ್ಪಿಕೊಳ್ಳುತ್ತದೆ. ಈ ತಿರುವು ಬಹಳ ಕಥೆಗಳಲ್ಲಿದೆ. ಅದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಅದು ಹೇಳುವ ಮಾತು. ಉಪಯೋಗಕ್ಕೆ ಬಂದರೆ ಮಾತ್ರ ನಿನಗೆ ಜಾಗ ಅಂತ ಅದು ಹೇಳುತ್ತದೆ. ನೆರೆ ಬರದೇ ಹೋಗಿದ್ದರೆ? ತರಗತಿಯಲ್ಲಿ ಯಾರ ಜೊತೆಗೂ ಸೇರದ ಮಗು ಈ ಕಥೆ ಓದಿದರೆ, ತಾನೂ ಯಾರನ್ನಾದರೂ ಉಳಿಸಿದರೆ ಮಾತ್ರ ಸ್ನೇಹಿತರು ಸಿಗುತ್ತಾರೆ ಅಂದುಕೊಳ್ಳುವುದಿಲ್ಲವೇ?

ಇದಕ್ಕೆ ಬೇರೆ ದಾರಿ ಇದೆ. ಅದನ್ನು ತೋರಿಸಿದವರು ಫಿನ್ಲೆಂಡಿನ ಟೂವೆ ಯಾನ್ಸನ್. ಅವರ ಮೂಮಿನ್ ಕಥೆಗಳು 1945ರಿಂದ ಬಂದವು. ಮೂಮಿನ್‌ಗಳು ದುಂಡನೆಯ, ಸಾಧು ಜೀವಿಗಳು. ಆ ಲೋಕದಲ್ಲಿ ಗ್ರೋಕ್ ಅನ್ನುವವಳೊಬ್ಬಳಿದ್ದಾಳೆ. ಬೆಟ್ಟದಂಥ ಮೈ, ನೆಟ್ಟ ಕಣ್ಣು. ಅವಳು ಕೂತ ನೆಲ ಹೆಪ್ಪುಗಟ್ಟುತ್ತದೆ, ಮತ್ತೆ ಅಲ್ಲಿ ಏನೂ ಬೆಳೆಯುವುದಿಲ್ಲ. ಬೆಂಕಿಯ ಹತ್ತಿರ ಬಂದರೆ ಬೆಂಕಿ ಆರುತ್ತದೆ. ಅವಳು ಕೆಟ್ಟವಳಲ್ಲ. ಅವಳಿಗೆ ಬೆಚ್ಚಗೆ ಬೇಕು, ಆದರೆ ಅವಳು ಮುಟ್ಟಿದ್ದೆಲ್ಲ ತಣ್ಣಗಾಗುತ್ತದೆ.

1965ರ 'ಮೂಮಿನ್‌ಪಾಪಾ ಅಟ್ ಸೀ' ಕಥೆಯಲ್ಲಿ ಮೂಮಿನ್ ಕುಟುಂಬ ದೀಪಸ್ತಂಭದ ದ್ವೀಪವೊಂದಕ್ಕೆ ಹೋಗುತ್ತದೆ. ಅವರ ದೀಪದ ಬೆಳಕಿನ ಆಸೆಗೆ ಗ್ರೋಕ್ ಕೂಡ ಸಮುದ್ರವನ್ನು ಹೆಪ್ಪುಗಟ್ಟಿಸಿಕೊಂಡು ಹಿಂದೆಯೇ ಬರುತ್ತಾಳೆ. ಮನೆಯ ಹುಡುಗ ಮೂಮಿನ್‌ಟ್ರೋಲ್ ರಾತ್ರಿ ಲಾಟೀನು ಹಿಡಿದು ದಡಕ್ಕೆ ಹೋಗಲು ಶುರು ಮಾಡುತ್ತಾನೆ. ಅವಳು ಲಾಟೀನು ನೋಡುತ್ತಾ ಕೂರುತ್ತಾಳೆ. ಇಬ್ಬರ ನಡುವೆ ಮಾತಿಲ್ಲ. ಒಂದು ದಿನ ಸೀಮೆಎಣ್ಣೆ ಮುಗಿಯುತ್ತದೆ. ಅವನು ಬರಿಗೈಯಲ್ಲೇ ಹೋಗಿ ನಿಲ್ಲುತ್ತಾನೆ. ಅವಳು ಅವನನ್ನು ಕಂಡು ಸಂತೋಷಪಡುತ್ತಾಳೆ, ಕುಣಿಯುತ್ತಾಳೆ. ಅವಳು ಹೋದ ಮೇಲೆ ಹುಡುಗ ಮರಳು ಮುಟ್ಟಿ ನೋಡಿದರೆ ಅದು ಹೆಪ್ಪುಗಟ್ಟಿಲ್ಲ.

ಇಷ್ಟೇ. ಅವಳು ಯಾರನ್ನೂ ಉಳಿಸಲಿಲ್ಲ. ಒಂದು ಮಾತೂ ಆಡಲಿಲ್ಲ. ತನಗಾಗಿ ಒಬ್ಬ ಬಂದ ಅನ್ನುವುದೊಂದೇ ಅವಳನ್ನು ಬದಲಿಸಿತು. ಎಷ್ಟು ಸಲ ಓದಿದರೂ ಆ ಮರಳಿನ ಜಾಗಕ್ಕೆ ಬಂದಾಗ ನನ್ನ ಗಂಟಲು ಕಟ್ಟುತ್ತದೆ. ಅವಳು ಅಷ್ಟು ಪುಟಗಳ ಕಾಲ ನಿಜವಾಗಿ ಭಯಂಕರವಾಗಿದ್ದಳು. ಅದಕ್ಕೇ ಹೆಪ್ಪುಗಟ್ಟದ ಒಂದು ಹಿಡಿ ಮರಳು ಇಷ್ಟು ದೊಡ್ಡದಾಗಿ ಕಾಣುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ 'ಫ್ರಾಂಕನ್‌ಸ್ಟೈನ್' ಮಕ್ಕಳ ಕಥೆಯಲ್ಲ, ಆದರೆ ಸ್ನೇಹದ ರಾಕ್ಷಸನ ಬಗ್ಗೆ ಬರೆಯುವವರು ಅದರ ನಡುಭಾಗವನ್ನು ಓದಲೇಬೇಕು. ಫ್ರಾಂಕನ್‌ಸ್ಟೈನ್ ಅನ್ನುವವನು ಸೃಷ್ಟಿಸಿ ಕೈಬಿಟ್ಟ ವಿಕಾರ ಜೀವಿ ಒಂದು ಬಡ ಮನೆಯ ಪಕ್ಕದ ಗೂಡಿನಲ್ಲಿ ಅಡಗಿಕೊಂಡು, ರಾತ್ರಿ ಅವರಿಗಾಗಿ ಸೌದೆ ಒಡೆದು ಇಡುತ್ತಾನೆ. ದಾರಿಯ ಹಿಮ ತೆಗೆಯುತ್ತಾನೆ. ಯಾವುದೋ ಒಳ್ಳೆಯ ಶಕ್ತಿ ಬಂದು ಮಾಡುತ್ತಿದೆ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಕೊನೆಗೆ ಧೈರ್ಯ ಮಾಡಿ ಕುರುಡ ಮುದುಕನ ಜೊತೆ ಮಾತಾಡುತ್ತಾನೆ. ಮುದುಕ ದಯೆಯಿಂದ ಕೇಳುತ್ತಾನೆ. ಅಷ್ಟರಲ್ಲಿ ಮಗ ಬಂದು ಕೋಲಿನಿಂದ ಹೊಡೆಯುತ್ತಾನೆ. ಅವನನ್ನು ಸೀಳಿಹಾಕುವ ಬಲ ಇದ್ದೂ ಜೀವಿ ಕೈ ಎತ್ತುವುದಿಲ್ಲ, ಓಡಿಹೋಗುತ್ತಾನೆ. ಆಮೇಲೆ ಅವನು ಕೊಲೆಗಾರನಾದ ಅನ್ನುವುದು ಎಲ್ಲರಿಗೂ ನೆನಪಿರುತ್ತದೆ. ಕೈ ಎತ್ತದ ಆ ಒಂದು ಗಳಿಗೆ ಮರೆತುಹೋಗುತ್ತದೆ. ನಿಮಗೆ ಬೇಕಾಗಿರುವುದು ಆ ಗಳಿಗೆ.

ಮಕ್ಕಳ ಕಥೆಗೆ ತಕ್ಕ ಹಾಗೆ ಆ ಗಳಿಗೆಯನ್ನು ತಂದ ಒಂದು ದೃಶ್ಯ 2001ರ 'ಮಾನ್‌ಸ್ಟರ್ಸ್ ಇಂಕ್' ಸಿನಿಮಾದಲ್ಲಿದೆ. ಮಕ್ಕಳನ್ನು ಹೆದರಿಸಿ, ಅವರ ಕಿರುಚಾಟದಿಂದ ವಿದ್ಯುತ್ತು ತೆಗೆಯುವ ಲೋಕ ಅದು. ಸಲ್ಲಿ ಅಲ್ಲಿನ ದೊಡ್ಡ ಹೆಸರಿನ ಹೆದರಿಸುವವನು. ಬೂ ಅನ್ನುವ ಪುಟ್ಟ ಹುಡುಗಿ ಅವನನ್ನು ಹಚ್ಚಿಕೊಂಡಿದ್ದಾಳೆ. ಒಮ್ಮೆ ಯಜಮಾನನ ಒತ್ತಾಯಕ್ಕೆ ಹೇಗೆ ಹೆದರಿಸಬೇಕು ಅಂತ ತೋರಿಸಲು ಅವನು ಗರ್ಜಿಸುತ್ತಾನೆ. ಬೂ ಅಲ್ಲೇ ಇರುತ್ತಾಳೆ, ನಡುಗಿ ಅಳುತ್ತಾಳೆ. ಪರದೆಗಳ ಮೇಲೆ ತನ್ನದೇ ಮುಖ ನೋಡಿದ ಸಲ್ಲಿ, ಮಗುವಿನ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆ ಅಂತ ಮೊದಲ ಸಲ ತಿಳಿದುಕೊಳ್ಳುತ್ತಾನೆ. ಕಿರುಚಾಟಕ್ಕಿಂತ ನಗುವಿಗೆ ಹತ್ತು ಪಟ್ಟು ಶಕ್ತಿ ಅನ್ನುವ ಸಂಗತಿ ಸಿನಿಮಾದ ಕೊನೆಯಲ್ಲಿ ಬರುತ್ತದೆ, ಅದು ಚಂದವೇ. ಆದರೆ ಸಲ್ಲಿ ನಮ್ಮವನಾಗುವುದು ಆ ಪರದೆಗಳ ಮುಂದೆ.

ಇನ್ನೂ ಚಿಕ್ಕವರಿಗಾಗಿ ಬರೆಯುವ ಮನಸ್ಸಿದ್ದರೆ 1971ರ 'ದ ಮಾನ್‌ಸ್ಟರ್ ಅಟ್ ದಿ ಎಂಡ್ ಆಫ್ ದಿಸ್ ಬುಕ್' ನೋಡಿ. ಪುಸ್ತಕದ ಕೊನೆಯಲ್ಲಿ ರಾಕ್ಷಸ ಇದ್ದಾನೆ, ಪುಟ ತಿರುಗಿಸಬೇಡಿ ಅಂತ ಆ ಪುಸ್ತಕದ ನಾಯಕ ಗ್ರೋವರ್ ಬೇಡಿಕೊಳ್ಳುತ್ತಾನೆ. ಹಗ್ಗ ಕಟ್ಟುತ್ತಾನೆ, ಗೋಡೆ ಕಟ್ಟುತ್ತಾನೆ. ಮಗು ಒಂದು ಬೆರಳಲ್ಲಿ ಪುಟ ತಿರುಗಿಸುತ್ತದೆ. ಕೊನೆಯಲ್ಲಿರುವ ರಾಕ್ಷಸ ಗ್ರೋವರನೇ. ಇಲ್ಲಿ ಹೆದರುವವನು ರಾಕ್ಷಸ, ಬಲಶಾಲಿ ಮಗು.

ಈಗ ನಿಮ್ಮ ದೋಣಿಗೆ ಬರೋಣ. ಅವನು ಹಿಡಿದಾಗ ಅಂಚು ಮುರಿಯಿತು ಅನ್ನುವ ಸಾಲನ್ನು ವಾಪಸು ಹಾಕಿ. ಒಂದು ಸಾಲಿಗೆ ಬಿಡಬೇಡಿ, ಇಡೀ ದೃಶ್ಯ ಮಾಡಿ. ಮಕ್ಕಳು ದೋಣಿಯಲ್ಲಿದ್ದಾರೆ, ಅವನು ಆಟಕ್ಕೆ ಅಂಚು ಹಿಡಿಯುತ್ತಾನೆ, ಮರ ಲಟಕ್ ಅನ್ನುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ. ಒಂದು ಮಗು ಅಳಲಿ. ಅವನು ತನ್ನ ಕೈಯನ್ನೇ ನೋಡಿಕೊಳ್ಳಲಿ. ಆಮೇಲೆ ನೀರಿಗಿಳಿದು ಕೆಲವು ದಿನ ಬರದೇ ಇರಲಿ. ಈ ದೃಶ್ಯ ಹಗಲಲ್ಲಿ ನಡೆಯಲಿ, ದಡ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಲಿ. ನಿಮ್ಮ ಮನೆಯವರ ಚಿಂತೆಗೆ ಅಷ್ಟು ಸಾಕು.

ನೆರೆಯನ್ನು ಪೂರ್ತಿ ತೆಗೆದುಬಿಡಿ. ಅದರ ಜಾಗದಲ್ಲಿ ಮಕ್ಕಳೇ ಒಂದು ದಿನ ದಡಕ್ಕೆ ಬಂದು ಕೂರಲಿ. ಮೊದಲ ದಿನ ಅವನು ಬರುವುದಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ನೀರು ಅಲುಗುತ್ತದೆ. ಅವನು ದೋಣಿಯನ್ನು ಮುಟ್ಟುವುದಿಲ್ಲ, ಸ್ವಲ್ಪ ದೂರದಲ್ಲೇ ನಿಲ್ಲುತ್ತಾನೆ. ಆಗ ಅವತ್ತು ಅತ್ತಿದ್ದ ಮಗುವೇ ಹುಟ್ಟಿನ ಒಂದು ತುದಿಯನ್ನು ಅವನ ಕಡೆ ಚಾಚಬೇಕು. ಅವನು ಎರಡು ಬೆರಳಲ್ಲಿ ಅದನ್ನು ಹಿಡಿದುಕೊಳ್ಳಲಿ. ಹುಟ್ಟು ಮುರಿಯುತ್ತದೋ ಇಲ್ಲವೋ ಅಂತ ಓದುವ ಮಗು ಉಸಿರು ಬಿಗಿಹಿಡಿದು ಕಾಯುತ್ತದೆ. ಆ ಪುಟವನ್ನು ಬರೆದ ಮೇಲೆ ನನಗೊಮ್ಮೆ ಕಳಿಸಿ, ಓದಲು ಕಾಯುತ್ತಿರುತ್ತೇನೆ.